ಸೀರೆ ಯಾವ ಬಣ್ಣದ್ದು?

ನಿಜ ಹೇಳಿ, ನಿನ್ನೆ ರಾತ್ರಿ ಒಂದೂವರೆಗೆ ಲೈಟ್ ಹಾಕ್ಕೊಂಡು ಏನು ಓದ್ತಿದ್ರಿ? ಗಿಲಿಯನ್ ಫ್ಲಿನ್ ಬರೆದ ‘ಗಾನ್ ಗರ್ಲ್’ ತಾನೇ? ಮಧ್ಯೆ ಪುಸ್ತಕ ಎದೆ ಮೇಲಿಟ್ಟು, ಪಕ್ಕದಲ್ಲಿ ಗೊರಕೆ ಹೊಡೀತಿದ್ದ ಯಜಮಾನ್ರನ್ನ ಓರೆಗಣ್ಣಲ್ಲಿ ನೋಡಿದ್ರಲ್ಲ (ಇಲ್ಲ ಅನ್ಬೇಡಿ), ಅದೇನು ಪ್ರೀತಿಯ ನೋಟವಾ?

ಕತೆ ಇಷ್ಟು. ನ್ಯೂಯಾರ್ಕಲ್ಲಿ ಪತ್ರಿಕೆಗಳಿಗೆ ಬರೀತಿದ್ದ ನಿಕ್, ಏಮಿ ಇಬ್ರೂ ಕೆಲಸ ಕಳ್ಕೊಂಡು ಮಿಸ್ಸೂರಿಗೆ, ಗಂಡನ ಊರಿಗೆ ಬರ್ತಾರೆ. ಹೆಂಡ್ತಿ ದುಡ್ಡಲ್ಲಿ ಅವನೊಂದು ಬಾರ್ ತೆಗೀತಾನೆ. ಐದನೇ ಆನಿವರ್ಸರಿ ದಿನ ಏಮಿ ಮಾಯ! (ಪುಸ್ತಕ ಬಂದಿದ್ದು 2012ರಲ್ಲಿ, ಡೇವಿಡ್ ಫಿಂಚರ್ ಸಿನಿಮಾ 2014ರಲ್ಲಿ.)

ಒಂದು ಅಧ್ಯಾಯ ಗಂಡನ ಮಾತು, ಇನ್ನೊಂದು ಹೆಂಡ್ತಿ ಡೈರಿ. ಅವನದನ್ನ ಓದಿದಾಗ ‘ಪಾಪ’ ಅಂದ್ರಿ, ಅವಳದನ್ನ ಓದಿದಾಗ ‘ಥೂ, ಇವನ!’ ಅಂದ್ರಿ. ನಮ್ಮ ಕಟ್ಟೆ ಪಂಚಾಯ್ತಿನೂ ಹಿಂಗೇ ಅಲ್ವಾ, ಕೊನೇಲಿ ಮಾತಾಡಿದೋರ ಕಡೆಗೇ ನ್ಯಾಯ? ಅರ್ಧ ಪುಸ್ತಕಕ್ಕೆ ಬರೋಷ್ಟರಲ್ಲಿ ಫ್ಲಿನ್ ಇದಕ್ಕೇ ಸರಿಯಾಗಿ ಮೊಟಕ್ತಾರೆ. (ಹೆಂಗೆ ಅಂತ ಹೇಳಲ್ಲ. ಕೊನೇ ಪುಟ ಮೊದ್ಲೇ ತೆಗೆದು ನೋಡೋ ಚಟ ನಿಮಗಿದೆ, ಗೊತ್ತು.)

ನಂಗೆ ರಕ್ತದ ಕಲೆಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಅವರ ಟ್ರೆಷರ್ ಹಂಟ್. ಪ್ರತಿ ಆನಿವರ್ಸರಿಗೂ ಏಮಿ ಸುಳಿವಿನ ಚೀಟಿ ಬಚ್ಚಿಡ್ತಾಳೆ. ಇಬ್ರೂ ಒಟ್ಟಿಗೆ ಕಳೆದ ಗಳಿಗೆ ನೆನಪಿದ್ರೆ ಮಾತ್ರ ಉತ್ತರ ಹೊಳೆಯೋದು. ಹಿಂದಿನ ವರ್ಷಗಳಲ್ಲಿ ನಿಕ್‌ಗೆ ಹೊಳೆದಿದ್ದೇ ಕಮ್ಮಿ.

ಯಜಮಾನ್ರೇ, ನೀವ್ಯಾಕೆ ನಗ್ತೀರಿ? ‘ಹೆಣ್ಣು ನೋಡೋಕೆ ಬಂದಾಗ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ?’ ಅಂತ ಕೇಳಿದಾಗ ಆಗಿದ್ದೇನು? ಅವತ್ತಿನ ಕೇಸರಿಬಾತಲ್ಲಿ ಎಷ್ಟು ದ್ರಾಕ್ಷಿ ಇತ್ತು ಅನ್ನೋದು ನೆನಪಿದೆ, ಸೀರೆ ಇಲ್ಲ. ‘ಹಸಿರು... ಅಲ್ವಾ?’ ಅಂದ್ರಿ. ಎರಡು ದಿನ ಸಾರಿಗೆ ಉಪ್ಪಿರಲಿಲ್ಲ.

ನೀವೇನು ಕಮ್ಮಿನಾ ತಾಯಿ? ಡೈರಿ ಬರೆಯಲ್ಲ ಅಂತೀರಿ, ಮಗಳ ನಾಮಕರಣದಲ್ಲಿ ಅತ್ತೆ ಏನಂದ್ರು, ಆಗ ಇವರು ಹೆಂಗೆ ಬಾಯಿಗೆ ಬೀಗ ಹಾಕ್ಕೊಂಡಿದ್ರು, ಎಲ್ಲಾ ತಾರೀಖು ಸಮೇತ ಒಪ್ಪಿಸ್ತೀರಿ. ಆ ಡೈರೀಲಿ ನಿಮ್ಮ ತಪ್ಪಿಗೆ ಒಂದು ಪುಟನಾದ್ರೂ ಇದೆಯಾ?

ಹೋಗ್ಲಿ, ಪುಸ್ತಕ ಎಲ್ಲಿ? ದಿಂಬಿನ ಪಕ್ಕ ಹುಡುಕ್ಬೇಡಿ, ಹಾಲಲ್ಲಿ ನೋಡಿ. ಕ್ರಿಕೆಟ್ ಪೇಜ್ ಬಿಟ್ರೆ ಏನೂ ಓದದ ಯಜಮಾನ್ರು ಅರ್ಧಕ್ಕೆ ಬಂದಿದಾರೆ. ನೀವು ಕೊಟ್ಟ ಕಾಫಿ ಅಲ್ಲೇ ಆರ್ತಿದೆ. ಇನ್ನೂ ಮುಟ್ಟಿಲ್ಲ.