ಪರಿಚಯದ ಅಗತ್ಯವಿಲ್ಲದವರು

ಮೈಯೆಲ್ಲ ನೋಯುತ್ತಿದ್ದರೂ ಯಾವ ಎಕ್ಸ್‌ರೇಗೂ ಸಿಕ್ಕಿಬೀಳದ ನನ್ನ ಕಾಯಿಲೆಗೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು. ಇಷ್ಟುದ್ದದ ಹೆಸರನ್ನು ನಾನು ಒಮ್ಮೆಯೂ ಮರೆತಿಲ್ಲ. ಮನುಷ್ಯರ ಹೆಸರುಗಳ ಬಗ್ಗೆ ಮಾತ್ರ ಅಂಥ ಭರವಸೆ ಕೊಡಲಾರೆ.

ಹೈದರಾಬಾದಿನ ಕಾಚಿಗುಡದಲ್ಲಿ ನಮ್ಮ ಕನ್ನಡಿಗರ ಸಭೆಯೊಂದರಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. (ಅಷ್ಟು ಹೊತ್ತಿಗೆ ಅರ್ಧ ಸಭೆ ಉಪ್ಪಿಟ್ಟಿನ ಕಡೆ ನಡೆದಿರುತ್ತದೆ, ಅದಕ್ಕೇ ನನ್ನಂಥವರಿಗೆ ಕೊಡುತ್ತಾರೆ.) ಮೈಕಿನವನಿಗೆ, ಹಾರ ತಂದ ಹುಡುಗನಿಗೆ ಹೆಸರು ಹಿಡಿದೇ ವಂದಿಸಿದೆ. ಮುಖ್ಯ ಅತಿಥಿಗಳ ಸರದಿ ಬಂತು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರು. ಹೆಸರು ಮಾತ್ರ ಮೂಸಿ ನದಿಯ ಆಚೆ ದಡದಲ್ಲಿ ನಿಂತುಬಿಟ್ಟಿತ್ತು. "ಪರಿಚಯದ ಅಗತ್ಯವೇ ಇಲ್ಲದ ಮಹನೀಯರಿಗೆ" ಎಂದು ಕೈಮುಗಿದೆ. ಅವರು ಹಿಗ್ಗಿಹೋದರು. ಇಂಥ ಮಾತುಗಳನ್ನು ಹಿರಿಯರು ಮಾಡಿಟ್ಟದ್ದು ನಮ್ಮಂಥ ರೋಗಿಗಳಿಗಾಗಿಯೇ ಇರಬೇಕು.

ರಾತ್ರಿ ನಾನು ನುಂಗುವುದು ಪ್ರಿಗ್ಯಾಬಲಿನ್. ಅಮೆರಿಕದಲ್ಲಿ 2007ರಲ್ಲಿ ಈ ಕಾಯಿಲೆಗೆಂದು ಮೊಟ್ಟಮೊದಲು ಒಪ್ಪಿಗೆ ಪಡೆದ ಮಾತ್ರೆ. ನರಗಳ ಕ್ಯಾಲ್ಸಿಯಂ ದಾರಿಗಳಿಗೆ ಅಂಟಿಕೊಂಡು, ನೋವಿನ ಸುದ್ದಿ ಸಾಗಿಸುವ ರಾಸಾಯನಿಕಗಳನ್ನು ತಗ್ಗಿಸುತ್ತದೆ. ಹೀಗೆ ಸುದ್ದಿ ತಡೆಯುವವನಿಗೆ ನೋವಿನ ಸುದ್ದಿ ಯಾವುದು, ಗ್ಯಾಸ್ ಆರಿಸಬೇಕೆಂಬ ಸುದ್ದಿ ಯಾವುದು ಎಂಬ ವಿವೇಚನೆ ಎಲ್ಲಿಂದ ಬರಬೇಕು? ತೂಕಡಿಕೆ, ತಲೆಸುತ್ತು, ಮಂಕು, ಮರೆವು ಎಲ್ಲವೂ ಅದರ ಪರಿವಾರ. ಅದಕ್ಕೂ ಮೊದಲು ಕೊಟ್ಟಿದ್ದ ಅಮಿಟ್ರಿಪ್ಟಿಲಿನ್, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್‌ಗೇ ಅಡ್ಡಗಾಲು ಹಾಕಿ, ಬಾಯನ್ನೂ ಒಣಗಿಸುತ್ತಿತ್ತು. ಇರಾನಿ ಚಹಾದ ಊರಿನಲ್ಲಿ ಬಾಯೊಣಗುವುದು ಅಂಥ ಕಷ್ಟವೇನಲ್ಲ, ಬಿಡಿ.

ತಪ್ಪೆಲ್ಲ ಮಾತ್ರೆಯದೇ ಎನ್ನುವಂತೆಯೂ ಇಲ್ಲ. 1990ರ ನಿಯಮದಂತೆ ಈ ಕಾಯಿಲೆ ಗುರುತಿಸಲು ಮೈಮೇಲಿನ 18 ಜಾಗಗಳನ್ನು ಒತ್ತುತ್ತಿದ್ದರು; 11ರಲ್ಲಾದರೂ "ಅಯ್ಯೋ" ಅಂದರೆ ರೋಗಿ ಪಾಸು. 2010ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಆ ಒತ್ತಾಟ ಕೈಬಿಟ್ಟು, ದಣಿವು, ನಿದ್ದೆಗೇಡುಗಳ ಜೊತೆ ಮಂಕುಮರೆವನ್ನೂ ಕಾಯಿಲೆಯ ಲಕ್ಷಣಗಳಿಗೆ ಸೇರಿಸಿದರು. ಹೀಗಾಗಿ ಕಾಯಿಲೆ ಮಾತ್ರೆಯತ್ತ ಬೆರಳು ತೋರಿಸುತ್ತದೆ, ಮಾತ್ರೆ ಕಾಯಿಲೆಯತ್ತ. ಕೃಷ್ಣೆಯ ನೀರಿನ ವಿಷಯದಲ್ಲಿ ಕರ್ನಾಟಕ, ತೆಲಂಗಾಣಗಳ ಹಾಗೆ. ಎರಡೂ ಕಡೆಯವಳಾದ ನಾನು ಯಾರ ಪರ ವಾದಿಸಲಿ?

ಹೈದರಾಬಾದಿನಲ್ಲಿರುವುದೊಂದು ಪುಣ್ಯ. ಇಲ್ಲಿನ ದಖನಿ ಮಂದಿಗೆ 'ಪರ್ಸೋಂ' ಎಂದರೆ ಮೊನ್ನೆಯೂ ಹೌದು, ಹಿಂದಿನ ವರ್ಷವೂ ಹೌದು. ತಾರೀಖು ತಪ್ಪಿದವಳನ್ನು ಬೀದಿಯಲ್ಲಿ ಯಾರೂ ಹಿಡಿಯುವುದಿಲ್ಲ, ಹಿಡಿಯುವವರು ಮನೆಯವರೇ. "ಆ ಮಾತ್ರೆ ಬಿಸಾಕು" ಎಂದು ಅವರ ತೀರ್ಪು. ಡಾಕ್ಟರು ಬಿಸಾಕಿಸಲಿಲ್ಲ, ಪ್ರಮಾಣ ಇಳಿಸಿದರು. ನೋವು ಒಂದಿಷ್ಟು ಮರಳಿತು, ಹೆಸರುಗಳೂ ಒಂದಿಷ್ಟು ಮರಳಿದವು. ಈ ವ್ಯಾಪಾರದಲ್ಲಿ ನನಗೆ ನಷ್ಟವಿಲ್ಲ.

ನೀವೂ ಇದೇ ಮಾತ್ರೆಯ ಬಳಗದವರಾದರೆ, ಯಾರು ಹೇಳಿದರೂ ಥಟ್ಟನೆ ನಿಲ್ಲಿಸಬೇಡಿ. ನಿದ್ದೆಗೇಡು, ಓಕರಿಕೆ, ತಲೆನೋವು ಕಾಡಬಹುದು. ನಿಲ್ಲಿಸುವುದೇ ಆದರೂ ಕನಿಷ್ಠ ಒಂದು ವಾರ ಹಿಡಿದು, ಡಾಕ್ಟರ ಮಾತಿನಂತೆ ಮೆಲ್ಲಗೆ ಇಳಿಸಬೇಕು. ಏನೇನು ಮರೆತಿರೆಂದು ಚೀಟಿಯಲ್ಲಿ ಬರೆದು ಅವರಿಗೆ ತೋರಿಸಿ. ಆ ಚೀಟಿ ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಟ್ಟಿರಿ.