ಷೇರ್ಡ್ ಫೋಲ್ಡರ್ ಮೀಮಾಂಸೆ: ದೊಡ್ಡಬಳ್ಳಾಪುರ ಪಾಠ

ಈ ಪ್ರೌಢ ಪ್ರಬಂಧಕ್ಕೆ ದೊಡ್ಡಬಳ್ಳಾಪುರದ ಒಂದು ವಿದ್ಯುತ್ ಮಗ್ಗದ ಮನೆಯನ್ನು ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ. ಮಹಡಿಯಲ್ಲಿ ಸೀರೆ ಡಿಸೈನ್ ಬಿಡಿಸುವ ಕಂಪ್ಯೂಟರ್. ಕೆಳಗೆ ಮಗ್ಗಗಳ ಸದ್ದಿನ ಮಧ್ಯೆ, ಮಗ್ಗಕ್ಕೆ ವಿನ್ಯಾಸ ಹೇಳಿಕೊಡುವ ಎಲೆಕ್ಟ್ರಾನಿಕ್ ಜಕಾರ್ಡಿಗೆ ಫೈಲು ಒದಗಿಸುವ ಇನ್ನೊಂದು. ನಡುವೆ ‘ಡಿಸೈನ್’ ಎಂಬ ಷೇರ್ಡ್ ಫೋಲ್ಡರ್. ಅದು ಇದೆಯೋ ಇಲ್ಲವೋ ಎಂಬುದೇ ಇಲ್ಲಿನ ಪ್ರಮೇಯ. ಸೋಮವಾರ ಇರುತ್ತದೆ, ಮಂಗಳವಾರ ಅದನ್ನು ತೋರಿಸುವ ಝಡ್ ಡ್ರೈವಿನ ಮೇಲೆ ಕೆಂಪು ಇಂಟು ಮಾರ್ಕು.

ದೂರದಲ್ಲಿರುವುದನ್ನು ಇಲ್ಲೇ ಇದೆಯೆಂದು ನಂಬಿಸುವುದೇ ಮೌಂಟ್. ಈ ಜಿಲ್ಲೆಗೆ ಈ ತತ್ವ ಹೊಸದೇನಲ್ಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಹುಟ್ಟಿದ ಮೇಲೂ ಅದರ ಜಿಲ್ಲಾ ಕಚೇರಿ ಬಹುಕಾಲ ಬೆಂಗಳೂರು ನಗರದಲ್ಲೇ ಇತ್ತು. ತಮ್ಮ ಜಿಲ್ಲೆಯನ್ನು ಕಾಣಲು ಪಕ್ಕದ ಜಿಲ್ಲೆಗೆ ಬಸ್ಸು ಹತ್ತುತ್ತಿದ್ದ ದೇವನಹಳ್ಳಿಯವರಿಗೆ ‘ನೆಟ್‌ವರ್ಕ್ ಪಾತ್’ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪೂರ್ವಪಕ್ಷದಲ್ಲಿ ರೀಸ್ಟಾರ್ಟ್ ಮತಸ್ಥರೇ ಬಹುಸಂಖ್ಯಾತರು. ಅವರನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಹೆಸರಿನಲ್ಲಿ ಸರ್ವರಿನ ಒಳಗಿರುವಾಗಲೇ ಇನ್ನೊಂದು ಹೆಸರಿನಲ್ಲಿ ಅದೇ ಸರ್ವರಿಗೆ ನುಗ್ಗಲು ಹೋದರೆ ವಿಂಡೋಸ್ 1219 ಎಂಬ ಅಂಕಿ ಉಚ್ಚರಿಸಿ ತಡೆಯುತ್ತದೆ. ರೀಸ್ಟಾರ್ಟ್ ಆ ಹಳೇ ನಂಟನ್ನು ಹರಿಯುತ್ತದೆ. ಕೇಬಲ್ ಮತದವರು ಕ್ಲಿಪ್ ಎಳೆದು, ಉಫ್ ಎಂದು ಊದಿ, ಮತ್ತೆ ಚುಚ್ಚುತ್ತಾರೆ. ಈ ಊದುವಿಕೆಗೆ ಆಧಾರಗ್ರಂಥ ಸಿಕ್ಕಿಲ್ಲ.

ಇನ್ನು ಪ್ರಮಾಣಗಳು. “ಪಿಂಗ್ ಬರ್ತಾ ಐತೆ, ಆದ್ದರಿಂದ ಫೋಲ್ಡರ್ ತೆರೀಲೇಬೇಕು” ಎಂಬ ಅನುಮಾನ ಪ್ರಮಾಣ ವ್ಯಭಿಚಾರ ದೋಷದಿಂದ ಕೂಡಿದೆ. ಪಿಂಗ್ ಓಡಾಡುವುದು ಐಸಿಎಂಪಿಯಲ್ಲಿ. ಫೈಲು ಬರುವುದು ಟಿಸಿಪಿಯ 445ನೇ ಪೋರ್ಟಿನಲ್ಲಿ. ಜಗಲಿಯಲ್ಲಿ ಕೂತ ಅಜ್ಜಿ “ಬಾರಪ್ಪ” ಅಂದಮಾತ್ರಕ್ಕೆ ಉಗ್ರಾಣದ ಬೀಗ ತೆರೆದಂತಲ್ಲ.

ಶಬ್ದಪ್ರಮಾಣದ ಗತಿ ಇನ್ನೂ ಶೋಚನೀಯ. ಲಿನಕ್ಸಿನಲ್ಲಿ ಮೌಂಟ್ ಮಾಡಹೊರಟರೆ ಕೆಲವೊಮ್ಮೆ 112ನೇ ದೋಷ ಎದುರಾಗಿ ‘ಹೋಸ್ಟ್ ಈಸ್ ಡೌನ್’ ಎನ್ನುತ್ತದೆ. ಹೋಸ್ಟ್ ಪಕ್ಕದ ಮೇಜಿನ ಮೇಲೆ ಫ್ಯಾನು ತಿರುಗಿಸಿಕೊಂಡು ಆರೋಗ್ಯವಾಗಿಯೇ ಇರುತ್ತದೆ! ತೊಡಕು ಭಾಷೆಯದು: ಐಬಿಎಂನಲ್ಲಿ ಹುಟ್ಟಿದ, ಫೋಲ್ಡರ್ ಹಂಚುವ ಎಸ್‌ಎಂಬಿ ಎಂಬ ಸಂವಾದ ಪದ್ಧತಿಯ ಮೊದಲ ಆವೃತ್ತಿಯ ಬಿರುಕಿನಲ್ಲಿ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿಗೆಲ್ಲ ಹಬ್ಬಿತು. ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿಸಿಕೊಂಡವರಿಗೆ ಆ ಮೊದಲ ಆವೃತ್ತಿ ತಾನಾಗಿ ಬರುವುದು ನಿಂತಿತು. ಹಳೇ ಎಕ್ಸ್‌ಪಿಗೆ ಗೊತ್ತಿರುವುದು ಅದೊಂದೇ. ಭಾಷೆ ತಿಳಿಯದವನನ್ನು ಸತ್ತನೆಂದು ಸಾರುವ ಈ ಪದ್ಧತಿಯನ್ನು ಖಂಡಿಸದೆ ವಿಧಿಯಿಲ್ಲ. ವಿಂಡೋಸ್ ಫೀಚರ್ಸಿಗೆ ಹೋಗಿ ಒಂದು ಟಿಕ್ ಹಾಕಿ ಆ ಮೊದಲ ಆವೃತ್ತಿಯನ್ನು ಎಬ್ಬಿಸುವ ಪರಿಹಾರವೂ ಉಂಟು. ಫಲ ಶೀಘ್ರ, ಪ್ರಾಯಶ್ಚಿತ್ತ ದೀರ್ಘ.

ಎವ್ರಿವನ್ ಮತದವರದು ಉದಾರ ದರ್ಶನ: ಎಲ್ಲರಿಗೂ ಫುಲ್ ಕಂಟ್ರೋಲ್. ಆದರೂ ‘ಆಕ್ಸೆಸ್ ಡಿನೈಡ್’. ಷೇರಿಂಗ್ ಪುಟದಲ್ಲಿ ಕೊಟ್ಟ ದಾನವನ್ನು ಸೆಕ್ಯೂರಿಟಿ ಪುಟ ಕೊಟ್ಟಿರುವುದಿಲ್ಲ. ಎರಡರಲ್ಲಿ ಯಾವುದು ಜಿಪುಣವೋ ಅದೇ ನಡೆಯುತ್ತದೆ. ಇದು ನೆಲಮಂಗಲದಲ್ಲೂ ಸತ್ಯ, ನ್ಯೂಯಾರ್ಕಿನಲ್ಲೂ ಸತ್ಯ.

ಈಗ ಸಿದ್ಧಾಂತ. ಕರೆಂಟ್ ಹೋಗಿ ಬಂತು. ರೌಟರ್ ಎದ್ದು ಕೂತು ಮಹಡಿಯ ಕಂಪ್ಯೂಟರಿಗೆ ಹೊಸ ವಿಳಾಸ ಹಂಚಿತು; ಕೆಳಗಿನದು ಹಳೇ 192.168.1.7ರ ಬಾಗಿಲನ್ನೇ ಬಡಿಯುತ್ತಿದೆ. ಸಾಲದ್ದಕ್ಕೆ ವಿಂಡೋಸ್ ಮನೆಯ ಜಾಲವನ್ನು ‘ಪಬ್ಲಿಕ್’ ಎಂದು ಬಗೆದು, ಬಸ್‌ಸ್ಟ್ಯಾಂಡಿನಲ್ಲಿ ಕೂತ ಅಪರಿಚಿತರ ಮೇಲಿಡಬೇಕಾದ ಗುಮಾನಿಯನ್ನು ಕೆಳಮನೆಯವರ ಮೇಲಿಟ್ಟಿದೆ. ಮಹಡಿಯ ಯಂತ್ರಕ್ಕೆ ರೌಟರಿನಲ್ಲಿ ಒಂದೇ ವಿಳಾಸ ಕಾಯ್ದಿರಿಸಿ, ಜಾಲವನ್ನು ‘ಪ್ರೈವೇಟ್’ ಮಾಡಿ, ಪಾಸ್‌ವರ್ಡಿರುವ ಖಾತೆಯಿಂದ ಒಳಹೊಕ್ಕರೆ ಬಹುಪಾಲು ಸಂಶಯ ನಿವಾರಣೆ.

ಇಷ್ಟು ಪ್ರತಿಪಾದಿಸುವಷ್ಟರಲ್ಲಿ ನೇಕಾರ ಮೆಟ್ಟಿಲು ಹತ್ತಿ ಬಂದ. “ಅಣ್ಣ, ನೀವು ಆಮೇಲೆ ರಿಪೇರಿ ಮಾಡ್ಕಳಿ. ಮಗ್ಗ ನಿಂತೈತೆ, ಪೆನ್‌ಡ್ರೈವ್ ಕೊಡಿ.” ವಿದ್ವಾಂಸರು ಇದನ್ನು ಪಾದಜಾಲ ಎಂದು ಕರೆಯಬಹುದು. ಇದಕ್ಕೆ ಪೋರ್ಟಿಲ್ಲ, ಪರ್ಮಿಷನ್ನಿಲ್ಲ, ಕರೆಂಟ್ ಹೋದರೂ ಮೆಟ್ಟಿಲು ಹಾಗೇ ಇರುತ್ತದೆ. ಪೆನ್‌ಡ್ರೈವಿನಲ್ಲಿ ಮಾತ್ರ ‘ಬಾರ್ಡರ್ ಫೈನಲ್’, ‘ಬಾರ್ಡರ್ ಫೈನಲ್ ಹೊಸದು’, ‘ಬಾರ್ಡರ್ ಫೈನಲ್ ಇದೇ’ ಎಂಬ ಮೂರು ಫೈಲುಗಳಿದ್ದವು. ಯಾವುದೆಂದು ಮಹಡಿಯಿಂದ ಕೂಗಿ ಹೇಳುವ ಹೊತ್ತಿಗೆ ಕೆಳಗೆ ಹಳೇ ಬಾರ್ಡರ್ ಎರಡು ಮೊಳ ನೇಯ್ದಾಗಿತ್ತು.