ಐದೂವರೆಗೆ ಹಡಗು

ಸೌತಾಂಪ್ಟನ್‌ನಿಂದ ಹಡಗು ಹೊರಟ ಸಂಜೆ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಬಹಳಷ್ಟು ಹೇಳಿದರು. ಗಾಳಿಯ ವೇಗ, ಸಮುದ್ರದ ಮರ್ಜಿ, ಏಳು ಸಲ ಗಿಡ್ಡವಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಎಲ್ಲಿಗೆ ಓಡಬೇಕು, ಇತ್ಯಾದಿ. ನಮ್ಮ ಯಜಮಾನರ ಕಿವಿಗೆ ಬಿದ್ದದ್ದು ಒಂದೇ ಮಾತು: ಬಂದರಿನಲ್ಲಿ ಇಳಿದವರು ಐದೂವರೆಯೊಳಗೆ ಹತ್ತದಿದ್ದರೆ ಹಡಗು ಕಾಯುವುದಿಲ್ಲ. ರೈಲಿಗೆ ಎರಡು ಗಂಟೆ ಮುಂಚೆ ಹೋಗಿ ಪ್ಲಾಟ್‌ಫಾರ್ಮಿನ ಮೇಲೆ ಬ್ಯಾಗು ತಬ್ಬಿಕೊಂಡು ಕೂರುವ ಜಾತಿ ಅವರದು. ನಾರ್ವೆಯ ಗಡಿಯಾರ ಇಂಗ್ಲೆಂಡಿಗಿಂತ ಒಂದು ಗಂಟೆ ಮುಂದೆ ಎಂದು ತಿಳಿದ ಮೇಲಂತೂ ರಾತ್ರಿ ನಿದ್ದೆಯೇ ಇಲ್ಲ. ಬೆಳಿಗ್ಗೆ ನೋಡಿದರೆ ಎರಡೂ ಕೈಗೆ ವಾಚು. ಒಂದು ಅವರದು, ಇನ್ನೊಂದು ನನ್ನದು.

ಮೊದಲು ಸಿಕ್ಕಿದ್ದು ಬರ್ಗನ್. ಮಳೆಯ ಊರು. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ ಎಂದು ಗೈಡ್ ಹುಡುಗಿ ಹೆಮ್ಮೆಯಿಂದ ಹೇಳಿದಳು. ತೀರ್ಥಹಳ್ಳಿಯಲ್ಲಿ ಹುಟ್ಟಿದವಳು ನಾನು, ಸುಮ್ಮನಿರಲಾಗಲಿಲ್ಲ. ನಮ್ಮ ಆಗುಂಬೆಯಲ್ಲಿ 7,000ದ ಮೇಲೆ ಎಂದೆ. ಅವಳು ನಂಬದೆ ಫೋನು ತೆಗೆದು ನೋಡಿದಳು, ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ನಿಮ್ಮಲ್ಲಿ ಎಷ್ಟು ತಿಂಗಳು ಮಳೆ?" ಎಂದಳು. ನಾಲ್ಕು ಎಂದೆ. "ನಮ್ಮಲ್ಲಿ ಹನ್ನೆರಡು." ಪಂದ್ಯ ಅಲ್ಲಿಗೆ ಡ್ರಾ ಆಯಿತು. ಅಷ್ಟರಲ್ಲಿ ಬಂದರಿನ ಗಾಳಿ ನನ್ನ ಛತ್ರಿಯನ್ನು ಮಗುಚಿ ಹಾಕಿತ್ತು. ಸುತ್ತ ನೋಡಿದರೆ ಊರಿನವರ ಕೈಯಲ್ಲಿ ಛತ್ರಿಯೇ ಇಲ್ಲ, ಕೂಸಿನಿಂದ ಮುದುಕರವರೆಗೆ ಎಲ್ಲರಿಗೂ ರೇನ್‌ಕೋಟು.

ಬರ್ಗನ್‌ನ ಬ್ರಿಗ್ಗೆನ್ ಅಂದರೆ ನೀರಿನಂಚಿಗೆ ಒತ್ತಿಕೊಂಡು ನಿಂತ ಬಣ್ಣದ ಮರದ ಕಟ್ಟಡಗಳ ಸಾಲು. 1702ರ ಬೆಂಕಿಯಲ್ಲಿ ಸುಟ್ಟ ಮೇಲೆ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದ್ದು, 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕೆಲವು ಕಟ್ಟಡಗಳು ಪಕ್ಕದ್ದರ ಭುಜಕ್ಕೆ ವಾಲಿಕೊಂಡಿವೆ. ಹದಿನಾಲ್ಕನೇ ಶತಮಾನದಲ್ಲಿ ಜರ್ಮನ್ ಹ್ಯಾನ್ಸಿಯಾಟಿಕ್ ವರ್ತಕರು ಇಲ್ಲಿ ಕೋಠಿ ಹಾಕಿ, ಉತ್ತರದಿಂದ ಬರುತ್ತಿದ್ದ ಒಣಮೀನು ಕೊಂಡು ಯುರೋಪಿಗೆಲ್ಲ ಮಾರಿದರು. ಅವರ ಕಟ್ಟುಪಾಡು ಕೇಳಿದರೆ ಅಯ್ಯೋ ಅನ್ನಿಸುತ್ತದೆ. ಇಲ್ಲಿರುವಷ್ಟು ಕಾಲ ಮದುವೆಯಾಗುವಂತಿಲ್ಲ. ಬೆಂಕಿಯ ಭಯಕ್ಕೆ ಈ ಮರದ ಕಟ್ಟಡಗಳೊಳಗೆ ಒಲೆ ಹಚ್ಚುವಂತಿಲ್ಲ. ಅಡುಗೆ, ಚಳಿ ಕಾಯಿಸುವುದು ಏನಿದ್ದರೂ ಹಿಂದಿನ ಬೇರೆ ಕಟ್ಟಡದಲ್ಲಿ. ಆ ಚಳಿಯಲ್ಲಿ ಹೆಂಡತಿಯೂ ಇಲ್ಲ, ಒಲೆಯೂ ಇಲ್ಲ! ಬ್ಯಾಂಕಿನಿಂದ ನಿವೃತ್ತರಾದ ನಮ್ಮವರು ಮಾತ್ರ, "ಅದಕ್ಕೇ ನೋಡು, ಲೆಕ್ಕ ಅಷ್ಟು ಚೊಕ್ಕವಾಗಿ ಇಟ್ಟಿದ್ದಾರೆ" ಎಂದರು. ಇದಕ್ಕೆ ಉತ್ತರ ಕೊಡಲು ಹೋಗಲಿಲ್ಲ.

ಲೆಕ್ಕದ ಮಾತು ಬಂತಲ್ಲ. ಆಗ ನಾರ್ವೆಯ ಒಂದು ಕ್ರೋನಿಗೆ ಎಂಟೊಂಬತ್ತು ರೂಪಾಯಿ. ಐವತ್ತು ಕ್ರೋನಿನ ಕಾಫಿಯನ್ನು ಗುಣಿಸಿ ನೋಡಿದ ಮೇಲೆ ಅವರಿಗೆ ಬಾಯಾರಿಕೆಯೇ ಆಗಲಿಲ್ಲ. ಇಡೀ ಹಡಗೇ ಹೀಗೆ. ಟಿಕೆಟ್ಟಿನ ದುಡ್ಡಿನಲ್ಲೇ ಊಟ ಸೇರಿರುವಾಗ ಊರಿನಲ್ಲಿ ಯಾಕೆ ತಿನ್ನಬೇಕು ಎಂದು ಹನ್ನೆರಡೂವರೆಯ ಹೊತ್ತಿಗೆ ಜನ ಸಾಲುಗಟ್ಟಿ ಹಡಗು ಹತ್ತಿ, ಉಂಡು, ಮತ್ತೆ ಇಳಿಯುತ್ತಾರೆ. ಹಡಗಿನವರು ಬರುತ್ತಾರೆ, ನೋಡುತ್ತಾರೆ, ಕಾಸು ಬಿಚ್ಚುವುದಿಲ್ಲ ಎಂದು ಈ ಬಂದರುಗಳ ಹೋಟೆಲಿನವರು ಗೊಣಗುವುದರಲ್ಲಿ ತಪ್ಪೇನೂ ಇಲ್ಲ. ನಾವೂ ಆ ಸಾಲಿನಲ್ಲೇ ಇದ್ದೆವು.

ಫ್ಲೋಮ್ ಎಂಬಲ್ಲಿ ಹಡಗು ನಿಂತಾಗ, ಊರಿಗೆ ಹಡಗು ಬಂತೋ ಹಡಗಿಗೆ ಊರು ಬಂತೋ ತಿಳಿಯಲಿಲ್ಲ. ಡೆಕ್ಕಿನ ಮೇಲಿಂದ ಅಲ್ಲಿನ ಮನೆಗಳ ಹೆಂಚು ಎಣಿಸಬಹುದು. ಎಲ್ಲರೂ ಇಲ್ಲಿಗೆ ಬರುವುದು ರೈಲಿಗಾಗಿ. ನೀರಿನ ಮಟ್ಟದಿಂದ ಹೊರಟು, ಇಪ್ಪತ್ತು ಕಿಲೋಮೀಟರಿನಲ್ಲಿ 866 ಮೀಟರ್ ಎತ್ತರದ ಮಿರ್ದಾಲ್ ಸ್ಟೇಷನ್ನಿಗೆ ಏರುತ್ತದೆ. 1923ರಲ್ಲಿ ಶುರುವಾದ ಕೆಲಸ ಮುಗಿದು ರೈಲು ಓಡಿದ್ದು 1940ರಲ್ಲಿ. ಇಪ್ಪತ್ತು ಸುರಂಗಗಳು, ಅದರಲ್ಲಿ ಹದಿನೆಂಟನ್ನು ಕೈಯಲ್ಲೇ ಕೊರೆದದ್ದು. ಕಿಟಕಿಯಿಂದ ಒಂದು ಜಲಪಾತ ಕಂಡು ಕ್ಯಾಮೆರಾ ಎತ್ತುವಷ್ಟರಲ್ಲಿ ಸುರಂಗ ಬರುತ್ತದೆ. ನನ್ನ ಫೋನಿನಲ್ಲಿ ಕತ್ತಲೆಯ ಫೋಟೋಗಳು ಬೇಕಾದಷ್ಟಿವೆ, ಬೇಕಾದವರು ಕೇಳಿ ಪಡೆಯಬಹುದು.

ದಾರಿಯ ಮಧ್ಯೆ ಶೋಸ್‌ಫೋಸನ್ ಜಲಪಾತದ ಎದುರಿಗೆ ರೈಲು ಐದು ನಿಮಿಷ ನಿಲ್ಲುತ್ತದೆ. ಇಳಿದವರ ಮುಖಕ್ಕೆಲ್ಲ ನೀರಿನ ಎರಚಲು. ಅಷ್ಟರಲ್ಲಿ ಎಲ್ಲಿಂದಲೋ ಹಾಡು ಕೇಳಿ, ಬಂಡೆಯ ಮೇಲೆ ಕೆಂಪು ಲಂಗದ ಹೆಣ್ಣೊಬ್ಬಳು ಕಾಣಿಸಿಕೊಂಡು ಕೈಬೀಸಿ ಕುಣಿಯತೊಡಗಿದಳು. ಅವಳು ಹುಲ್ದ್ರಾ. ಕಾಡಿನಲ್ಲಿರುವ ಮೋಹಿನಿ, ಹಿಂದೆ ಹಸುವಿನ ಬಾಲ, ಗಂಡಸರನ್ನು ಹಾಡಿನಲ್ಲೇ ಮರುಳು ಮಾಡಿ ಬೆಟ್ಟದೊಳಗೆ ಕರೆದೊಯ್ಯುತ್ತಾಳೆ ಎಂಬುದು ಅಲ್ಲಿಯ ಜಾನಪದ. ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ನೃತ್ಯ ಕಲಿಯುವ ಹುಡುಗಿಯರು ಈ ವೇಷ ಹಾಕುತ್ತಾರೆ. ಇಲ್ಲಿ ಮರೆಯಾದವಳು ಮರುಕ್ಷಣವೇ ಆಚೆಯ ಬಂಡೆಯ ಮೇಲೆ ಕಾಣಬೇಕಾದರೆ ಇಬ್ಬರಾದರೂ ಇರಲೇಬೇಕು ಎಂದು ನನ್ನ ತರ್ಕ. ಬಾಯಿ ತೆರೆದು ನೋಡುತ್ತಿದ್ದ ಯಜಮಾನರನ್ನು, "ಏನ್ರೀ, ಕರೆದರೆ ಹೋಗ್ತೀರಾ?" ಎಂದು ಕೇಳಿದೆ. ಎಡಗೈ ವಾಚು ನೋಡಿ, ಬಲಗೈ ವಾಚು ನೋಡಿ, "ಐದೂವರೆಗೆ ವಾಪಸ್ ಬಿಡ್ತಾಳಾ ಕೇಳು" ಎಂದರು.

ಫ್ಲೋಮ್‌ನ ಅಂಗಡಿಯಲ್ಲಿ ಒಂದು ಕಂದು ಬಣ್ಣದ ಚೀಸಿನ ರುಚಿ ನೋಡಿದೆ. ಹೆಸರು ಬ್ರೂನೋಸ್ಟ್. ಚೀಸ್ ಮಾಡಿ ಉಳಿದ ಹಾಲಿನ ನೀರಿಗೆ ಕೆನೆ ಹಾಕಿ, ಗಂಟೆಗಟ್ಟಲೆ ಕಾಯಿಸಿ, ಅದರ ಸಕ್ಕರೆ ಕಂದುವವರೆಗೂ ಬತ್ತಿಸುತ್ತಾರೆ. ಬಾಯಿಗೆ ಹಾಕಿದರೆ ಉಪ್ಪು ಹಾಕಿದ ಧಾರವಾಡ ಪೇಡ. ಅದನ್ನು ತೆಳ್ಳಗೆ ಹೆರೆಯಲು ಬಡಗಿಯ ಉಜ್ಜುಗೊರಡಿನ ಹಾಗೆ ಸೀಳು ಇರುವ ಒಂದು ಸಲಕರಣೆಯಿದೆ; 1925ರಲ್ಲಿ ಅದನ್ನು ಮಾಡಿದ ಥೋರ್ ಬ್ಯೋರ್ಕ್‌ಲುಂಡ್ ನಿಜಕ್ಕೂ ಬಡಗಿಯೇ. ಚೀಸ್ ಕೊಂಡೆ, ಸಲಕರಣೆ ಕೊಳ್ಳಲಿಲ್ಲ. ಬೆಲೆಯನ್ನು ಯಾರೋ ಪಕ್ಕದಲ್ಲಿ ನಿಂತು ಎಂಟರಿಂದ ಗುಣಿಸುತ್ತಿದ್ದರು.

ಸ್ಟವಾಂಗರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಯ ಮರದ ಮನೆಗಳ ಹಳೇ ಪೇಟೆ ಚೆಂದ, ಹೂವಿನ ಕುಂಡಗಳು ಇನ್ನೂ ಚೆಂದ. ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯೊಂದು ಈಗ ಮ್ಯೂಸಿಯಂ. ಪುಳಿಚಾರಿನವರಾದ ನಾವು ಬಾಗಿಲಲ್ಲೇ ಶ್ರದ್ಧೆಯಿಂದ ಫೋಟೋ ತೆಗೆಸಿಕೊಂಡೆವು. ನೀರಿನಿಂದ 604 ಮೀಟರ್ ಎತ್ತರಕ್ಕೆ ಎದ್ದು ನಿಂತ ಪ್ರೇಕೆಸ್ಟೂಲನ್ ಬಂಡೆಯನ್ನು ಹತ್ತುವ ಮಾತು ಎತ್ತಿದಾಗ ಯಜಮಾನರು ಉತ್ತರವಾಗಿ ಎರಡು ಮುಂಗೈಗಳನ್ನೂ ಮುಂದೆ ಚಾಚಿದರು.

ಗೈರಾಂಗರ್‌ನದು ಬೇರೆಯೇ ಮಾತು. ಹದಿನೈದು ಕಿಲೋಮೀಟರಿನ ಕಿರಿದಾದ ನೀರಿನ ಓಣಿ, ಎರಡೂ ಕಡೆ ಆಕಾಶಕ್ಕೆ ಒರಗಿದ ಬೆಟ್ಟ, ತುದಿಯಲ್ಲಿ ಇನ್ನೂರೈವತ್ತು ಜನರ ಹಳ್ಳಿ. ಆ ಹಳ್ಳಿಗೆ ನಮ್ಮಂಥ ಹಡಗು ಒಂದೇ ಬೆಳಗಿನಲ್ಲಿ ಮೂರು ಸಾವಿರ ಜನರನ್ನು ಇಳಿಸುತ್ತದೆ. ಊರಿನವರು ಯಾರೆಂದು ಹುಡುಕಿದೆ, ಕೈಯಲ್ಲಿ ಫೋನು ಎತ್ತಿ ಹಿಡಿಯದ ಒಬ್ಬರು ಕಂಡರು. ಮಾತಾಡಿಸಿದರೆ ಪೋಲೆಂಡಿನಿಂದ ಬೇಸಿಗೆ ಕೆಲಸಕ್ಕೆ ಬಂದವರಂತೆ.

ಈ ಫಿಯೋರ್ಡಿನ ಬದಿಯಲ್ಲಿ ಏಳು ಅಕ್ಕತಂಗಿಯರು ಎಂಬ ಜಲಪಾತ ಸಾಲಾಗಿ ಇಳಿಯುತ್ತದೆ. ಎದುರು ಬೆಟ್ಟದಲ್ಲಿ ಇನ್ನೊಂದು ಜಲಪಾತ, ಹೆಸರು ವರ. ಏಳು ಜನರನ್ನೂ ಒಬ್ಬೊಬ್ಬರಾಗಿ ಕೇಳಿ, ಏಳು ಕಡೆಯಿಂದಲೂ ಬೇಡ ಅನ್ನಿಸಿಕೊಂಡು ಕುಡಿತಕ್ಕೆ ಬಿದ್ದನಂತೆ. ಜಲಪಾತದ ನಡುವೆ ಬಾಟಲಿಯ ಆಕಾರ ಕಾಣುತ್ತದೆ ಎಂದು ತೋರಿಸುತ್ತಾರೆ. ಒಂದೇ ಮನೆಯಲ್ಲಿ ಏಳು ಸಲ ಹೆಣ್ಣು ಕೇಳಿದವನಿಗೆ ಕೊಡದೇ ಇದ್ದದ್ದೇ ಸರಿ ಎಂಬುದು ನನ್ನ ತೀರ್ಪು.

ಇದೆಲ್ಲಕ್ಕಿಂತ ನನ್ನ ಕಣ್ಣು ನಟ್ಟದ್ದು ಕಡಿದಾದ ಆ ಬಂಡೆಗಳ ನೆತ್ತಿಯಲ್ಲಿ ಕಾಣುವ ಒಂದೆರಡು ಮನೆಗಳ ಮೇಲೆ. ಸ್ಕಾಗೆಫ್ಲೋ ಅಂಥದ್ದೊಂದು ಹೊಲಮನೆ. ಕೆಳಗೆ ನೋಡಿದರೆ ನೀರು, ಮೇಲೆ ಮೇಕೆ, ಹುಲ್ಲು, ಒಂದು ಸಂಸಾರ. ಮಕ್ಕಳು ಬಿದ್ದಾರೆಂದು ಹಗ್ಗ ಕಟ್ಟಿ ಬಿಡುತ್ತಿದ್ದರಂತೆ. ಕಂದಾಯ ಕೇಳಲು ಅಧಿಕಾರಿ ಬಂದರೆ ಏಣಿಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಜನ ಅದನ್ನು ಬಿಟ್ಟು ಹೋದದ್ದು 1916ರಲ್ಲಿ. 1993ರಲ್ಲಿ ರಾಜ ಹೆರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಬೆಳ್ಳಿಹಬ್ಬವನ್ನು ಆಚರಿಸಲು ಇಲ್ಲಿಗೇ ಬಂದರು. ಏಣಿಯ ಕಥೆ ಕೇಳಿದಾಗಿನಿಂದ ನಮ್ಮವರಿಗೂ ಸ್ಕಾಗೆಫ್ಲೋ ಮೇಲೆ ವಿಶೇಷ ಗೌರವ.

ನಾವು ಹಡಗು ಸೇರಿದ್ದು ನಾಲ್ಕು ಗಂಟೆಗೆ. ಒಂದೂವರೆ ಗಂಟೆ ಮುಂಚೆ. ಹಡಗು ಹೊರಡುವ ಹೊತ್ತಿಗೆ ಸರಿಯಾಗಿ ಊಟದ ಹಾಲ್ ತೆರೆಯಿತು, ಡೆಕ್ಕು ಖಾಲಿಯಾಯಿತು. ಇಳಿಯಲಿಕ್ಕೆ ಚೀಟಿ ಹಿಡಿದು ಸಾಲು ನಿಂತವರು, ಗಡಿಯಾರದ ಭಯಕ್ಕೆ ಓಡಿ ಬಂದವರು, ಎಲ್ಲರೂ ಈಗ ಒಳಗೆ ಸೂಪು ಕುಡಿಯುತ್ತಿದ್ದರು. ಇಡೀ ಪ್ರವಾಸದ ಜಾಹೀರಾತಿನಲ್ಲಿ ಹಾಕಿದ್ದ ದೃಶ್ಯ ಹೊರಗೆ ಹಾದುಹೋಗುತ್ತಿತ್ತು. ಬಂದರು ನೋಡಲು ಹೋದವರಿಗೆ ನಾರ್ವೆ ಸಿಗುವುದು ಬಂದರು ಬಿಟ್ಟ ಮೇಲೆ. ಯಜಮಾನರು ಎರಡೂ ವಾಚು ಬಿಚ್ಚಿ ಜೇಬಿಗೆ ಹಾಕಿ ಕಟಕಟೆಗೆ ಒರಗಿದರು.

ಹೋಗುವವರಿದ್ದರೆ ಬೇಗ ಹೋಗಿ. ಈ ಫಿಯೋರ್ಡಿನಲ್ಲಿ ಹೊಗೆ ಬಿಡುವ ಹಡಗು ಬೇಡ ಎಂದು ನಾರ್ವೆ ಸರ್ಕಾರ ಕಾನೂನು ಮಾಡಿದೆ; 10,000 ಟನ್ನಿಗಿಂತ ಚಿಕ್ಕವಕ್ಕೆ 2026ರಿಂದ, ದೊಡ್ಡವಕ್ಕೆ 2032ರಿಂದ. ಒಳ್ಳೆಯ ಕಾನೂನೇ. ಛತ್ರಿ ಬೇಡ, ರೇನ್‌ಕೋಟು ಒಯ್ಯಿರಿ. ರಾತ್ರಿ ಊಟಕ್ಕೆ ಎರಡನೇ ಪಂಕ್ತಿ ಕೇಳಿ. ಕ್ಯಾಬಿನ್ ಎಡಗಡೆ ಸಿಕ್ಕಿತೋ ಬಲಗಡೆ ಸಿಕ್ಕಿತೋ ಎಂದು ಹೆಚ್ಚು ದುಡ್ಡು ಕೊಡಬೇಡಿ. ಗೈರಾಂಗರ್‌ನಿಂದ ಮುಂದಕ್ಕೆ ನೀರಿಲ್ಲ, ಹಡಗು ಹೋದ ದಾರಿಯಲ್ಲೇ ತಿರುಗಿ ಬರಬೇಕು.